ಮುಪ್ಪಿನಲ್ಲಿ ಕಾಯಕ

ವಾರ್ಧಕ್ಯವು ಶರೀರವನ್ನು ಮುತ್ತುವುದಕ್ಕೆ ಮೊದಲೇ ಶಿವಪೂಜೆಗೆ ತೊಡಗಬೇಕೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಇದನ್ನು ಕೇಳಿದ ವೃದ್ಧನ ಮನಸ್ಸಿನಲ್ಲಿ ಒಂದು ಸಂಶಯ ಹುಟ್ಟುವುದು ಸಹಜ: "ಮುಪ್ಪು ಬಂದೇ ಬಿಟ್ಟಿತಲ್ಲ, ಇನ್ನು ಈ ದೇಹದಿಂದ ಆಗತಕ್ಕದ್ದೇನಿದೆ?" ಈ ಸಂಶಯಕ್ಕೆ ಉತ್ತರವೂ ಶರಣರ ನಡೆಯಲ್ಲಿಯೇ ಇದೆ.

ಶರಣರು ಶರೀರವನ್ನು ಹೇಯವೆಂದು ತಳ್ಳಲಿಲ್ಲ. ಮುದ್ದಿಸಿ ಕೊಬ್ಬಿಸಲೂ ಇಲ್ಲ. ಶಿವನು ನೆಲಸುವ ಮಂದಿರವೆಂದು ಅದನ್ನು ಕಂಡರು. ಮಂದಿರವು ಹಳೆಯದಾಯಿತೆಂದು ಯಾರೂ ದೀಪ ಹಚ್ಚುವುದನ್ನು ನಿಲ್ಲಿಸುವುದಿಲ್ಲ. ಹಳೆಯದಾದಷ್ಟೂ ಅದರ ಆರೈಕೆ ಹೆಚ್ಚಬೇಕು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೋಳಿಗೆಯ ಮಾರಯ್ಯನವರು ಸೌದೆ ಹೊತ್ತರು. ಅಂಬಿಗರ ಚೌಡಯ್ಯನವರು ಹುಟ್ಟು ಹಾಕಿದರು. ಇಂತಿಷ್ಟು ವಯಸ್ಸಿನವರೆಗೆ ಮಾತ್ರ ಕಾಯಕವೆಂಬ ಗೆರೆಯು ಶರಣಧರ್ಮದಲ್ಲಿಲ್ಲ.

ಅಂಕೋಲೆಯ ಸಮೀಪದ ಬೇಲೆಕೇರಿಯ ಕಡಲದಂಡೆಯಲ್ಲಿ ನಿಂತವರಿಗೆ ಚೌಡಯ್ಯನವರ ನೆನಪು ಬಾರದಿರದು. ಮರದ ದೋಣಿಯನ್ನು ದಡಕ್ಕೆಳೆದು ಬಿಟ್ಟುಬಿಟ್ಟರೆ ಅದರ ಆಯುಷ್ಯ ಹೆಚ್ಚುವುದಿಲ್ಲ. ಬಿಸಿಲಿಗೆ ಒಣಗಿ ಹಲಗೆಯ ಸಂದು ಬಿರಿಯುತ್ತದೆ. ದೇಹದ ಧರ್ಮವೂ ಅದೇ. ಬಳಸದ ಮಾಂಸಖಂಡವು ಮುಪ್ಪಿನಲ್ಲಿ ಬೇಗನೆ ಕ್ಷೀಣಿಸುವುದು. ಕಾಲಿನ ಬಲ ಕುಂದಿದರೆ ಸಮತೋಲ ತಪ್ಪುವುದು. ಬಿದ್ದು ತೊಡೆಯ ಮೂಳೆ ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, 65 ವರ್ಷ ಮೀರಿದವರೂ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಬಿರುಸಾದ ನಡಿಗೆಯಂಥ ಮಿತಶ್ರಮವನ್ನು ಮಾಡಬೇಕೆಂದೂ, ಎರಡು ದಿನವಾದರೂ ಬಲವರ್ಧನೆಯ ಹಾಗೂ ಮೂರು ದಿನ ಸಮತೋಲದ ಅಭ್ಯಾಸ ಬೇಕೆಂದೂ ಹೇಳಿತು.

"ಅಪ್ಪಾ, ನೀವು ಸುಮ್ಮನೆ ಕುಳಿತಿರಿ" ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಕೈಯೊಳಗಿನ ಕೊಡವನ್ನು ಕಸಿದುಕೊಳ್ಳುತ್ತಾರೆ. ಕುಳಿತಲ್ಲಿಗೇ ತಟ್ಟೆ ತರುತ್ತಾರೆ. ಆ ಪ್ರೀತಿ ಸತ್ಯವಾದುದು. ಆದರೆ ಕೊಡದೊಡನೆ ತೋಳಿನ ಬಲವೂ, ಬಲದೊಡನೆ ತಾನು ಬೇಕಾದವನೆಂಬ ನೆಮ್ಮದಿಯೂ ಹೋಗುತ್ತದೆಂಬುದನ್ನು ಮಕ್ಕಳು ಅರಿಯರು. ಹಿರಿಯರಿಗೆ ಸಲ್ಲಿಸತಕ್ಕ ನಿಜವಾದ ಗೌರವವೆಂದರೆ ಅವರ ಕಾಯಕವನ್ನು ಅವರಿಗೇ ಉಳಿಸಿಕೊಡುವುದು.

ಇದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಬೀಜದ ಗುಣವನ್ನೂ ತಾಯಿಮರದ ಗುರುತನ್ನೂ ಅರಿತರು. ನಿವೃತ್ತಿಯ ಅನಂತರವೂ ಸಸಿಗಳ ಸಂಗ ಬಿಡಲಿಲ್ಲ. 2021ರಲ್ಲಿ ಬರಿಗಾಲಿನಲ್ಲಿಯೇ ನಡೆದು ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದ ಆ ತಾಯಿ 2024ರ ಡಿಸೆಂಬರಿನಲ್ಲಿ ಮಡಿದರು. ವಚನವನ್ನು ಓದದೆಯೂ ವಚನದಂತೆ ಬಾಳಬಹುದೆಂಬುದಕ್ಕೆ ಇದು ಸಾಕ್ಷಿ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿ, 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ನೂರು ದಾಟಿದ ಮೇಲೂ ಮಿತಾಹಾರ, ಇಷ್ಟಲಿಂಗಪೂಜೆ, ಮಠದ ಮಕ್ಕಳ ಯೋಗಕ್ಷೇಮ ಇವನ್ನು ಅವರು ಬಿಡಲಿಲ್ಲ.

ಹಾಗೆಂದು ಹಾಸಿಗೆ ಹಿಡಿದವರನ್ನು ಹೀನವಾಗಿ ಕಾಣಲಾಗದು. ರೋಗವು ಪಾಪದ ಫಲವೆಂದು ಜರೆಯುವುದು ಶರಣಮಾರ್ಗವಲ್ಲ. ಎದ್ದು ನಡೆಯಲಾರದವನು ಕುಳಿತಲ್ಲಿಯೇ ಕೈಕಾಲಾಡಿಸಲಿ. ಅದೂ ಆಗದವನ ಶಿವಧ್ಯಾನವೇ ಅವನ ಕಾಯಕ. ಅವನ ಸೇವೆಯು ಉಳಿದವರ ದಾಸೋಹ.

ಶಕ್ತಿಯಿರುವವನು ಮಾತ್ರ ಅದನ್ನು ಬಚ್ಚಿಡಬಾರದು. ಮುಂಜಾನೆ ನಾಲ್ಕು ಹೆಜ್ಜೆ ನಡೆದು, ತನ್ನ ಪೂಜೆಯ ನೀರನ್ನು ತಾನೇ ತಂದು, ನೆರೆಯವರಿಗೊಂದು ಉಪಕಾರ ಮಾಡುವ ಮುಪ್ಪು ಭಾರವಲ್ಲ, ಪ್ರಸಾದ. ಅಂಥ ಮುಪ್ಪನ್ನು ಶಿವನು ಸರ್ವರಿಗೂ ಕರುಣಿಸಲಿ.