ಹುಳುವಿನ ನಿರಾಹಾರ, ಶ್ರಾವಕನ ಉಪವಾಸ

ನಂದಿಬೆಟ್ಟದ ಆಸುಪಾಸಿನ ಶಿಡ್ಲಘಟ್ಟ ಸೀಮೆಯಲ್ಲಿ ರೇಷ್ಮೆ ಸಾಕುವವರು ‘ಹುಳು ಜ್ವರಕ್ಕೆ ಕುಳಿತಿದೆ’ ಎನ್ನುವುದುಂಟು. ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದ ಹುಳು ಒಮ್ಮೆಲೇ ಆಹಾರವನ್ನು ತೊರೆದು, ತಲೆಯೆತ್ತಿ, ಸುಮಾರು ಒಂದು ದಿನ ನಿಶ್ಚಲವಾಗಿರುತ್ತದೆ. ಬಳಿಕ ಹಳೆಯ ಚರ್ಮವನ್ನು ಕಳಚಿ ಮತ್ತೆ ಸೊಪ್ಪಿಗೆ ಬಾಯಿಡುತ್ತದೆ. ಗೂಡು ಕಟ್ಟುವುದರೊಳಗೆ ಇಂತಹ ಜ್ವರಗಳು ನಾಲ್ಕು. ಕಂಡವರಿಗೆ ಅದು ಕಾಯೋತ್ಸರ್ಗದಲ್ಲಿರುವ ತಪಸ್ವಿಯಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಅದು ವ್ರತವೇ?

ಹುಳುವಿನ ಎದೆಭಾಗದ ಗ್ರಂಥಿಯೊಂದು ಎಕ್ಡೈಸೋನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಕೊಂಚ ಮಾರ್ಪಟ್ಟು ಜೀವಕೋಶದೊಳಹೊಕ್ಕು, ಕೋಶಕೇಂದ್ರದ ಗ್ರಾಹಕ ಪ್ರೋಟೀನಿನೊಡನೆ ಕೂಡುತ್ತದೆ. ಆಗ ಕೆಲವು ಜೀನುಗಳು ಎಚ್ಚರಗೊಳ್ಳುತ್ತವೆ. ಅವು ಮಾಡಿಸಿದ ಪ್ರೋಟೀನುಗಳು ಮತ್ತಷ್ಟು ಜೀನುಗಳನ್ನು ಎಬ್ಬಿಸಿ, ಮೊದಲಿನವನ್ನು ಮಲಗಿಸುತ್ತವೆ. ಜುವೆನೈಲ್ ಹಾರ್ಮೋನು ಜೊತೆಗಿದ್ದಷ್ಟು ಕಾಲ ಹುಳು ಹುಳುವಾಗಿಯೇ ಬೆಳೆಯುತ್ತದೆ. ಅದು ಕುಗ್ಗಿದಾಗ ಅದೇ ಎಕ್ಡೈಸೋನಿನ ಸಂದೇಶಕ್ಕೆ ಪ್ಯೂಪೆಯಾಗುತ್ತದೆ. ಜೀನುಗಳು ಅವೇ; ಯಾವುದು ಯಾವಾಗ ನುಡಿಯಬೇಕೆಂಬ ಅಪ್ಪಣೆ ಮಾತ್ರ ಬೇರೆ. 1960ರಲ್ಲಿ ಕ್ಲೆವರ್ ಮತ್ತು ಕಾರ್ಲ್‌ಸನ್ ಎಂಬ ವಿಜ್ಞಾನಿಗಳು ಕೈರೊನೊಮಸ್ ಎಂಬ ಕೀಟದ ಮರಿಗಳಿಗೆ ಈ ಹಾರ್ಮೋನನ್ನು ಚುಚ್ಚಿ, ವರ್ಣತಂತುಗಳು ನಿಯತ ಸ್ಥಾನಗಳಲ್ಲಿ ಉಬ್ಬುವುದನ್ನು ಕಂಡರು. ಅದಕ್ಕೆ ಮೊದಲು, 1954ರಲ್ಲಿ, ಬುಟೆನಾಂಟ್ ಮತ್ತು ಕಾರ್ಲ್‌ಸನ್ ಕೇವಲ 25 ಮಿಲಿಗ್ರಾಂ ಎಕ್ಡೈಸೋನನ್ನು ಪಡೆದದ್ದು ಸುಮಾರು 500 ಕಿಲೋ ರೇಷ್ಮೆ ಪ್ಯೂಪೆಗಳಿಂದ. ಜ್ಞಾನಕ್ಕೂ ಇಷ್ಟು ಜೀವಗಳ ಋಣವಿದೆ!

ಉಪವಾಸವಿದ್ದ ಮನುಷ್ಯದೇಹದಲ್ಲಿಯೂ ಸಂದೇಶಗಳು ಸಂಚರಿಸುತ್ತವೆ. ರಕ್ತದ ಸಕ್ಕರೆ ಇಳಿದಾಗ ಮೇದೋಜೀರಕ ಗ್ರಂಥಿಯ ಗ್ಲುಕಗಾನ್ ಯಕೃತ್ತಿನ ಕೋಶದ ಹೊರಪೊರೆಯನ್ನು ಮುಟ್ಟುತ್ತದೆ. ಒಳಗಿನ ದೂತನೊಬ್ಬ ಆ ಸುದ್ದಿಯನ್ನು ಕೋಶಕೇಂದ್ರಕ್ಕೆ ಒಯ್ಯಲು, ಸಕ್ಕರೆಯನ್ನು ತಯಾರಿಸುವ ಜೀನುಗಳು ಕಾರ್ಯಕ್ಕಿಳಿಯುತ್ತವೆ. ಅನ್ನ ಸಿಗದೆ ಹಸಿದವನಲ್ಲಿಯೂ ಇದು ಹೀಗೆಯೇ ನಡೆಯುತ್ತದೆ. ಅಷ್ಟಮಿ ಚತುರ್ದಶಿಗಳಂದು ಶ್ರಾವಕನು ಕೈಗೊಳ್ಳುವ ಪ್ರತ್ಯಾಖ್ಯಾನವಾದರೋ ಯಾವ ಗ್ರಂಥಿಯ ಆಜ್ಞೆಯೂ ಅಲ್ಲ. ಅನ್ನವು ಎದುರಿಗಿರುವಾಗಲೇ ಬೇಡವೆಂದವನದು ವ್ರತ. ಹುಳುವಿಗೆ ಆ ಆಯ್ಕೆಯಿಲ್ಲ.

ಆಯ್ಕೆಯುಳ್ಳವನ ಮೈಮೇಲಿನ ವಸ್ತ್ರದ ವಿಚಾರ ಇಲ್ಲಿಯೇ ಬರುತ್ತದೆ. ನಾಲ್ಕು ಜ್ವರ ಕಳೆದು, ಚಂದ್ರಿಕೆಯಲ್ಲಿ ಗೂಡು ಕಟ್ಟಿ ಒಳಗೆ ನಿರಾಹಾರವಾಗಿ ಮಲಗಿದ ತ್ರಸಜೀವಿಯು ಚಿಟ್ಟೆಯಾಗಿ ಹೊರಬಂದರೆ ನೂಲಿನ ಎಳೆ ಹರಿಯುತ್ತದೆ. ಆದುದರಿಂದ ಅದನ್ನು ಗೂಡಿನಲ್ಲಿಯೇ ಬಿಸಿಗೆ ಒಡ್ಡಿ ಕೊಂದು, ಗೂಡನ್ನು ಬೇಯಿಸಿ ನೂಲು ಬಿಚ್ಚುತ್ತಾರೆ. ಸಾಕುವವನದು ಹೊಟ್ಟೆಪಾಡು, ಅದನ್ನು ಉದ್ಯೋಗಿ ಹಿಂಸೆಯೆಂದು ಎಣಿಸುವವರು ಎಣಿಸಲಿ. ಮಡಿಯೆಂದು ಪಟ್ಟೆಯನ್ನುಟ್ಟು ಪಾರಣೆಗೆ ಕುಳಿತವರ ಹಿಂಸೆ ಯಾವ ಬಗೆಯದು? ಈ ಸಂದೇಹದಿಂದಲೇ ಹತ್ತಿಯ ಬಟ್ಟೆಯಲ್ಲಿ ಪಾರಣೆ ಮಾಡುವ ಶ್ರಾವಿಕೆಯರಿದ್ದಾರೆ. ಅವರ ನೋಂಪಿಗೆ ಅದರಿಂದ ಯಾವ ಕೊರತೆಯೂ ಉಂಟಾಗಿಲ್ಲ.