ಕಾಣಲಿಲ್ಲ ಅನ್ನೋದು ಯಾರ ತಪ್ಪು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋರ ಮೇಜಿನ ಸುತ್ತ ಪದೇಪದೇ ಕೇಳಿಬರುವ ಮಾತು, ‘ಪರ್ಸೆಪ್ಷನ್ ರೋಲ್ ಮಾಡು’. ಆಡಿ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ನಿಮ್ಮ ಪಾತ್ರ ಗುಹೆಯೊಳಗೆ ನಡೀತಿದೆ, ಕಂಬದ ಹಿಂದೆ ಯಾರೋ ಅಡಗಿದ್ದಾರೆ. ಕಾಣುತ್ತೋ ಇಲ್ಲವೋ? ಇಪ್ಪತ್ತು ಮುಖದ ದಾಳ ಉರುಳಿಸಿ, ಪಾತ್ರದ ಪರ್ಸೆಪ್ಷನ್ ಅಂಕ ಕೂಡಿಸಿ. ಸಾಕಷ್ಟು ಬಂದರೆ ಕಂಡಿತು. ಬರದಿದ್ದರೆ, ಆಟ ನಡೆಸುವ ಡಂಜನ್ ಮಾಸ್ಟರ್ ‘ಏನೂ ಕಾಣ್ತಿಲ್ಲ’ ಅಂತಾರೆ. ಆಮೇಲೆ ಬೆನ್ನಿಗೆ ಚೂರಿ ಬಿದ್ದರೂ ನಿಮ್ಮನ್ನು ಯಾರೂ ಬೈಯಲ್ಲ. ದಾಳ ಸರಿಯಾಗಿ ಬೀಳಲಿಲ್ಲ, ಅಷ್ಟೇ.

ಆಟದಲ್ಲಿ ಇದು ಸರಿ. ಆದರೆ ನಾವು ಆಟದ ಹೊರಗೂ ಇದೇ ನಿಯಮ ಇಟ್ಟುಕೊಂಡಿದ್ದೀವಲ್ಲ, ಅದು ನನ್ನನ್ನು ಕಾಡುತ್ತೆ. ಟೀಮಿನ ಒಬ್ಬ ಹುಡುಗ ತಿಂಗಳುಗಟ್ಟಲೆ ಒಬ್ಬನೇ ಊಟ ಮಾಡ್ತಾನೆ, ಮೀಟಿಂಗಿನಲ್ಲಿ ಮಾತು ನಿಲ್ಲಿಸ್ತಾನೆ, ಒಂದು ದಿನ ಕೆಲಸ ಬಿಟ್ಟು ಹೋಗ್ತಾನೆ. ಉಳಿದವರದ್ದು ಒಂದೇ ಮಾತು: ‘ಅಯ್ಯೋ, ನಮಗೆ ಗೊತ್ತೇ ಆಗಲಿಲ್ಲ.’ ಕಾಣದೇ ಹೋದದ್ದಕ್ಕೆ ಮನುಷ್ಯ ಹೊಣೆಯೋ, ಅಲ್ಲವೋ?

ರೂಲ್‌ಬುಕ್ಕನ್ನು ಗಮನವಿಟ್ಟು ಓದಿದರೆ ಅದು ಈ ಪ್ರಶ್ನೆಯ ಬಗ್ಗೆ ನಾವಂದುಕೊಂಡಷ್ಟು ಉದಾರವಾಗಿಲ್ಲ. 1974ರ ಮೊದಲ ಆವೃತ್ತಿಯಲ್ಲಿ ಪರ್ಸೆಪ್ಷನ್ ಅನ್ನೋ ಕೌಶಲವೇ ಇರಲಿಲ್ಲ. ಗುಪ್ತ ಬಾಗಿಲು ಹುಡುಕೋಕೆ ದಾಳ ಇತ್ತು, ನಿಜ. ಉಳಿದಂತೆ ಎಲ್ಲಿ ನೋಡ್ತೀನಿ, ಏನನ್ನು ಮುಟ್ಟಿ ನೋಡ್ತೀನಿ ಅಂತ ಆಟಗಾರರೇ ಬಾಯಿಬಿಟ್ಟು ಹೇಳಬೇಕಿತ್ತು. 2000ದ ಮೂರನೇ ಆವೃತ್ತಿ ನೋಡೋದು, ಕೇಳೋದು, ಹುಡುಕೋದು ಅಂತ ಮೂರು ಕೌಶಲ ಮಾಡಿತು. 2008ರಲ್ಲಿ ಎಲ್ಲ ಸೇರಿ ಪರ್ಸೆಪ್ಷನ್ ಆಯಿತು.

2014ರ ಐದನೇ ಆವೃತ್ತಿಯಲ್ಲೂ ಈ ಪರ್ಸೆಪ್ಷನ್ ನಿಂತಿರೋದು ಬುದ್ಧಿಯ ಅಂಕದ ಮೇಲಲ್ಲ, ವಿಸ್ಡಮ್ ಮೇಲೆ. ಜೊತೆಗೆ ‘ಪ್ಯಾಸಿವ್ ಪರ್ಸೆಪ್ಷನ್’ ಅಂತ ಒಂದಿದೆ. ದಾಳ ಉರುಳಿಸುವ ಹಾಗೇ ಇಲ್ಲ. 10ಕ್ಕೆ ನಿಮ್ಮ ಪರ್ಸೆಪ್ಷನ್ ಅಂಕ ಕೂಡಿಸಿದರೆ ಮುಗೀತು. ಬೇಕಂತ ನೋಡದೇ ಇದ್ದಾಗ ನಿಮಗೆ ಎಷ್ಟು ಕಾಣುತ್ತೆ ಅನ್ನೋದರ ಲೆಕ್ಕ ಅದು. ಬುದ್ಧಿ 16, ವಿಸ್ಡಮ್ 10 ಇರುವ ಮಂತ್ರವಾದಿಗೆ ಸಿಗೋದು ಬರೀ 10. ವಿಸ್ಡಮ್ 16 ಇದ್ದು, ಈ ಕೌಶಲದಲ್ಲಿ ಪಳಗಿದ, ಆಗಷ್ಟೇ ಆಟಕ್ಕಿಳಿದ ಪುರೋಹಿತೆಗೆ 15. ಅಡಗಿದವನ ಒಟ್ಟು 13 ಇದ್ದರೆ ಅವಳಿಗೆ ಕಾಣ್ತಾನೆ, ಇವನಿಗಿಲ್ಲ. ಇಲ್ಲಿ ಅದೃಷ್ಟದ ಮಾತೇ ಬರಲ್ಲ. ಇಷ್ಟು ದಿನ ಯಾವುದನ್ನು ರೂಢಿ ಮಾಡಿಕೊಂಡಿರಿ ಅನ್ನೋದೇ ಆ ಅಂಕದಲ್ಲಿ ಕೂತಿರುತ್ತೆ.

ನನಗೆ ಅತಿ ಇಷ್ಟವಾದ ನಿಯಮ ಪ್ರಯಾಣದ ಅಧ್ಯಾಯದಲ್ಲಿದೆ. ಗುಂಪು ದಾರಿ ಸವೆಸುವಾಗ ಯಾರಾದರೂ ನಕ್ಷೆ ಬರೀತಿದ್ದರೆ, ಆಹಾರ ಹುಡುಕ್ತಿದ್ದರೆ, ಹೆಜ್ಜೆಗುರುತು ಹಿಡಿದು ಹೋಗ್ತಿದ್ದರೆ, ಅಪಾಯ ಗಮನಿಸುವ ಲೆಕ್ಕಕ್ಕೆ ಅವರ ಪ್ಯಾಸಿವ್ ಅಂಕ ಬರೋದೇ ಇಲ್ಲ. ಎಷ್ಟೇ ಚುರುಕುಗಣ್ಣಿರಲಿ, ಸೊನ್ನೆ. ನಕ್ಷೆ ಬರೆಯೋದು ತಪ್ಪಲ್ಲ. ಯಾರಾದರೂ ಬರೆಯಲೇಬೇಕು, ಇಲ್ಲದಿದ್ದರೆ ಊರು ಸೇರಲ್ಲ. ಆದರೆ ಅದರ ಬೆಲೆ ಇಂತಿಷ್ಟು ಅಂತ ಮೊದಲೇ ಹೇಳಿರ್ತಾರೆ. ಹಾಗಾಗಿ ಮೇಜಿನ ಸುತ್ತ ಒಂದು ಮಾತು ಏಳಲೇಬೇಕು: ಕಾವಲಿಗೆ ಯಾರಿದ್ದಾರೆ?

ನಮ್ಮ ಆಫೀಸುಗಳಲ್ಲಿ ಈ ಮಾತು ಏಳೋದೇ ಇಲ್ಲ. ಎಲ್ಲರೂ ನಕ್ಷೆ ಬರೀತಿರ್ತೀವಿ, ಸ್ಪ್ರಿಂಟ್, ರಿವ್ಯೂ, ಡೆಡ್‌ಲೈನ್. ಯಾರ ಮುಖ ಬಾಡಿದೆ ಅಂತ ನೋಡೋದು ಒಬ್ಬಳೇ ಒಬ್ಬಳ ಪಾಲಿಗೆ ಬಿಟ್ಟಿರುತ್ತೆ. (ಹೌದು, ‘ಒಬ್ಬಳು’ ಅಂತ ಬೇಕಂತಲೇ ಬರೆದೆ.) ಅವಳ ಪ್ಯಾಸಿವ್ ಅಂಕ ಹುಟ್ಟಿನಿಂದಲೇ ಜಾಸ್ತಿ ಅಂತ ನಾವು ಸಲೀಸಾಗಿ ನಂಬಿಬಿಡ್ತೀವಿ. ಕಣ್ಣಿಗೆ ಬೀಳದ್ದಕ್ಕೆ ಹೊಣೆ ಅಲ್ಲದಿರಬಹುದು. ಕಣ್ಣನ್ನು ಎಲ್ಲಿಟ್ಟಿದ್ದೆ, ಬೇರೆಯವರ ಕಾವಲಿನಲ್ಲಿ ಎಷ್ಟು ದಿನ ನೆಮ್ಮದಿಯಾಗಿ ನಡೆದೆ ಅನ್ನೋದಕ್ಕೆ ಹೊಣೆಯೇ.

ಇನ್ನೂ ಒಂದು ಕಿರಿಕಿರಿ ಇದೆ. ‘ಪರ್ಸೆಪ್ಷನ್ ರೋಲ್ ಮಾಡು’ ಅಂದ ತಕ್ಷಣ ಅಲ್ಲೇನೋ ಇದೆ ಅಂತ ಆಟಗಾರನಿಗೆ ಗೊತ್ತಾಗಿಬಿಡುತ್ತೆ. ದಾಳ 3 ಬೀಳುತ್ತೆ. ಪಾತ್ರಕ್ಕೆ ಏನೂ ಕಂಡಿಲ್ಲ, ಆಟಗಾರನಿಗೆ ಅನುಮಾನ ಗಟ್ಟಿಯಾಗಿದೆ, ಆದರೂ ಗೊತ್ತಿಲ್ಲದವನ ಹಾಗೆ ಮುಂದಕ್ಕೆ ನಡೀಬೇಕು. ಇದನ್ನು ತಪ್ಪಿಸೋಕೇ ಎಷ್ಟೋ ಡಂಜನ್ ಮಾಸ್ಟರುಗಳು ಪರದೆಯ ಹಿಂದೆ ತಾವೇ ದಾಳ ಉರುಳಿಸ್ತಾರೆ. ‘ಗೊತ್ತೇ ಆಗಲಿಲ್ಲ’ ಅನ್ನೋರಲ್ಲಿ ಅರ್ಧದಷ್ಟು ಜನ ಇಂಥ ಆಟಗಾರರೇ ಅಂತ ನನ್ನ ಗುಮಾನಿ. ಏನೋ ಇದೆ ಅಂತ ಗೊತ್ತಿತ್ತು. ಕೇಳಿದರೆ ಪೂರ್ತಿ ಗೊತ್ತಾಗಿಬಿಡುತ್ತಲ್ಲ, ಅದಕ್ಕೇ ಕೇಳಲಿಲ್ಲ.

ಐರಿಸ್ ಮರ್ಡಾಕ್ 1970ರ ‘ದ ಸಾವರಿನ್ಟಿ ಆಫ್ ಗುಡ್’ ಪುಸ್ತಕದಲ್ಲಿ ಒಬ್ಬ ಅತ್ತೆಯ ಉದಾಹರಣೆ ಕೊಡ್ತಾಳೆ. ಸೊಸೆ ಒರಟು ಅಂತ ಅತ್ತೆಯ ಮನಸ್ಸಿನಲ್ಲಿದೆ, ಹೊರಗೆ ನಡವಳಿಕೆ ಮಾತ್ರ ಚೊಕ್ಕ. ಆಮೇಲೆ ತನ್ನ ನೋಟದಲ್ಲೇ ಏನೋ ಐಬಿರಬಹುದು ಅಂತ ಮತ್ತೆ ಮತ್ತೆ ನೋಡ್ತಾಳೆ. ನಿಧಾನಕ್ಕೆ ಸೊಸೆ ಬೇರೆಯಾಗಿ ಕಾಣ್ತಾಳೆ. ಹೊರಗೆ ಏನೂ ಬದಲಾಗಿಲ್ಲ, ಆದರೂ ನೈತಿಕವಾದ ಕೆಲಸವೊಂದು ನಡೆದಿದೆ ಅನ್ನೋದು ಮರ್ಡಾಕ್ ವಾದ. ಅತ್ತೆ ಇಲ್ಲಿ ದಾಳ ಉರುಳಿಸ್ತಿಲ್ಲ. ತನ್ನ ಪ್ಯಾಸಿವ್ ಅಂಕವನ್ನೇ ತಿದ್ದಿಕೊಳ್ತಿದ್ದಾಳೆ.

ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಅನ್ನೋ ಪತ್ತೇದಾರಿ ಆಟದ ನಿಯಮಗಳಲ್ಲಿ ಮುಖ್ಯ ಸುಳಿವಿಗೆ ದಾಳವನ್ನೇ ತೆಗೆದುಹಾಕಿದ್ದಾರೆ. ಸರಿಯಾದ ಜಾಗಕ್ಕೆ ಹೋಗಿ, ತಕ್ಕ ಕೌಶಲ ಬಳಸಿದರೆ ಸುಳಿವು ಸಿಕ್ಕೇ ಸಿಗುತ್ತೆ. ಕಾಣಲಿಲ್ಲ ಅನ್ನೋ ನೆಪಕ್ಕೆ ಅಲ್ಲಿ ಜಾಗ ಕಮ್ಮಿ. ಮೇಜಿನ ಮೇಲೆ ಸುಳಿವು ಬಿದ್ದಿರುತ್ತೆ, ಎಲ್ಲರೂ ಅದನ್ನೇ ನೋಡ್ತಿರ್ತಾರೆ, ಮೊದಲು ಬಾಯಿಬಿಡೋರು ಯಾರು ಅಂತ ಒಂದು ಕ್ಷಣ ಮೌನ ಇರುತ್ತೆ.