ಹಕ್ಕಿಯ ಗೂಡೂ ಶ್ರಾವಕನ ವ್ರತವೂ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದನ್ನು ಪಾಠ ಹೇಳುವಾಗಲೆಲ್ಲ ನಾನು ಕೊಡುತ್ತಿದ್ದ ಉದಾಹರಣೆ ಒಂದೇ. ಹಟ್ಟಿಯಲ್ಲಿ ಕಟ್ಟಿದ ಎತ್ತಿಗೆ ಹೊತ್ತಿಗೆ ಸರಿಯಾಗಿ ಹುಲ್ಲು ನೀರು ಕೊಡದಿರುವುದು. ನಾವು ಕಟ್ಟದ, ಕೈಯಿಂದ ಮುಟ್ಟದ ಜೀವಿಗೂ ಈ ದೋಷವನ್ನು ಎಸಗಬಹುದೆಂಬುದು ಅರವತ್ತು ದಾಟಿದ ಮೇಲೆ ನನ್ನ ತಪ್ಪಿನಿಂದಲೇ ನನಗೆ ತಿಳಿಯಿತು. ಅದನ್ನು ಮರೆಮಾಚದೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಮನೆಯು ಶಾಂಭವೀ ನಂದಿನೀ ನದಿಗಳು ಕಡಲನ್ನು ಸೇರುವ ಅಳಿವೆಯ ಸಮೀಪದಲ್ಲಿದೆ. ಜಗಲಿಯಲ್ಲಿ ಕುಳಿತರೆ ಗರುಡನು ನೀರಿನ ಮೇಲೆ ಸುತ್ತುವುದೂ ಮಿಂಚುಳ್ಳಿ ಕಂಬದಿಂದ ಎರಗುವುದೂ ಕಾಣುತ್ತವೆ. ಇಳಿತದ ಹೊತ್ತಿನಲ್ಲಿ ಬೆಳ್ಳಕ್ಕಿಗಳು ಕೆಸರಿನಲ್ಲಿ ಮೆಲ್ಲನೆ ಹೆಜ್ಜೆಯಿಡುತ್ತವೆ. ಚಳಿಗಾಲದಲ್ಲಿ ಉತ್ತರದ ದೂರದೇಶಗಳಿಂದ ಕಡಲಹಕ್ಕಿಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ನಾನು ನಿವೃತ್ತನಾದ ಬಳಿಕ ಮಗನು ಒಂದು ಕ್ಯಾಮರಾ ತಂದುಕೊಟ್ಟನು. ನೋಡುವ ಅಭ್ಯಾಸವು ಚಿತ್ರ ತೆಗೆಯುವ ಹವ್ಯಾಸವಾಯಿತು; ಹವ್ಯಾಸವು ಬಲುಬೇಗ ಆಸೆಯಾಯಿತು.

2024ರಲ್ಲಿ ಮಹಾವೀರ ಜಯಂತಿಯ ಮರುದಿನ, ಚೈತ್ರ ಶುಕ್ಲ ಚತುರ್ದಶಿ. ಚತುರ್ವಿಧಾಹಾರವನ್ನು ತ್ಯಜಿಸಿ ನಾನು ಉಪವಾಸದಲ್ಲಿದ್ದೆನು. ಬೆಳಗಿನ ಪೂಜೆ, ಸ್ವಾಧ್ಯಾಯ ಮುಗಿದ ಮೇಲೆ ಹೊತ್ತು ಕಳೆಯಲೆಂದು ಕ್ಯಾಮರಾ ಹಿಡಿದು ಮನೆಯಾಚೆಯ ಬಯಲಿಗೆ ಹೋದೆನು. ಅಲ್ಲಿ ಬರಿಯ ನೆಲದ ಮೇಲೆ, ಸಣ್ಣ ಕಲ್ಲುಗಳ ನಡುವೆ, ಟಿಟ್ಟಿಭದ ನಾಲ್ಕು ಮೊಟ್ಟೆಗಳಿದ್ದವು. ಕಲ್ಲಿಗೂ ಮೊಟ್ಟೆಗೂ ಭೇದ ತಿಳಿಯದಂಥ ಬಣ್ಣ. ಸಮುದ್ರವು ಟಿಟ್ಟಿಭದ ಮೊಟ್ಟೆಗಳನ್ನು ಕೊಂಡೊಯ್ದ ಪಂಚತಂತ್ರದ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದವನು ನಾನು. ಮುಕ್ಕಾಲಿಯನ್ನು ಊರಿ, ತಾಯಿಹಕ್ಕಿ ಬಂದು ಮೊಟ್ಟೆಗಳ ಮೇಲೆ ಕೂರುವ ಚಿತ್ರ ಬೇಕೆಂದು ಹತ್ತಿರದಲ್ಲಿಯೇ ಕಾದು ನಿಂತೆನು. ಎರಡೂ ಹಕ್ಕಿಗಳು ಕೂಗುತ್ತ ತಲೆಯ ಮೇಲೆ ಸುತ್ತಿದವು, ದೂರ ಇಳಿದವು, ಮತ್ತೆ ಹಾರಿದವು. ಗೂಡಿಗೆ ಮಾತ್ರ ಬರಲಿಲ್ಲ. ಹೀಗೆ ಒಂದು ಗಂಟೆ ಕಳೆಯಿತು. ಬಿಸಿಲು ಉರಿಯುತ್ತಿತ್ತು. ಕಡೆಗೆ ಬರಿಯ ಮೊಟ್ಟೆಗಳ ಚಿತ್ರವನ್ನೇ ತೆಗೆದುಕೊಂಡು ಮರಳಿದೆನು.

ನಡೆದುದನ್ನು ಮನೆಯಲ್ಲಿ ಹೇಳಿದಾಗ ನನ್ನ ಧರ್ಮಪತ್ನಿ ಒಂದೇ ಮಾತು ಕೇಳಿದಳು: "ಉಪವಾಸ ನಿಮಗೆ. ಆ ಹಕ್ಕಿಯನ್ನೇಕೆ ಬಿಸಿಲಿನಲ್ಲಿ ನಿಲ್ಲಿಸಿದಿರಿ?" ಈ ಜಾತಿಯ ಹಕ್ಕಿಯು ಬೇಸಗೆಯಲ್ಲಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುತ್ತದೆಂಬುದನ್ನು ನಾನು ಆಮೇಲೆ ಓದಿ ತಿಳಿದೆನು. ಸಂಜೆ ದೂರದಿಂದ ಲೆನ್ಸಿನಲ್ಲಿ ನೋಡಿದಾಗ, ಹಕ್ಕಿ ಎದ್ದ ಕ್ಷಣದಲ್ಲಿ ಕಂಡ ಮೊಟ್ಟೆಗಳು ಮೂರು. ಕಾಗೆ ಒಯ್ದಿತೋ, ಹಾವು ನುಂಗಿತೋ ಹೇಳಲಾರೆ. ಕಾವಲನ್ನು ತಪ್ಪಿಸಿದವನು ನಾನೆಂಬುದನ್ನು ಮಾತ್ರ ಬಲ್ಲೆ. ನನ್ನ ಚಿತ್ರದಲ್ಲಿ ಈಗಲೂ ನಾಲ್ಕು ಮೊಟ್ಟೆಗಳಿವೆ.

ಇಲ್ಲಿ ಕೆಲವರು ಹೀಗೆ ಆಕ್ಷೇಪಿಸಬಹುದು: "ಕೊಲ್ಲುವ ಸಂಕಲ್ಪ ನಿಮಗಿರಲಿಲ್ಲ, ಬಂದೂಕು ಹಿಡಿಯುವುದಕ್ಕಿಂತ ಕ್ಯಾಮರಾ ಹಿಡಿಯುವುದು ಮೇಲಲ್ಲವೆ?" ಮೇಲೆಂಬುದು ನಿಜ. ಆದರೆ ಸಂಕಲ್ಪವಿಲ್ಲದ ಮಾತ್ರಕ್ಕೆ ದೋಷವಿಲ್ಲವೆಂದಾಗುವುದಿಲ್ಲ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಅಮೃತಚಂದ್ರ ಸೂರಿಗಳು ಇನ್ನೂ ಒಳಹೊಕ್ಕು, ರಾಗಾದಿಗಳು ಹುಟ್ಟುವುದೇ ಹಿಂಸೆಯೆನ್ನುತ್ತಾರೆ. ಚಿತ್ರ ಬೇಕೆಂಬ ರಾಗ ಹುಟ್ಟಿದಾಗಲೇ ನನ್ನ ಕಿವಿಗೆ ಹಕ್ಕಿಯ ಕೂಗು ಕೇಳದಾಯಿತು.

ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ಪೂರ್ಣವಾಗಿ ತಪ್ಪವು. ನನ್ನ ಕಾರ್ಯವು ಅಡುಗೆಗಾಗಿ ಅಲ್ಲ, ಜೀವನೋಪಾಯಕ್ಕಲ್ಲ, ರಕ್ಷಣೆಗೂ ಅಲ್ಲ. ಹಾಗಾದರೆ ಅದಕ್ಕೆ ಅನರ್ಥದಂಡವಲ್ಲದೆ ಬೇರೆ ಹೆಸರಿಲ್ಲ. ಲೌಕಿಕ ಶಾಸನವೂ ಇಲ್ಲಿ ನಮ್ಮ ಆಚಾರ್ಯರಿಗೆ ಸಮೀಪವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬ ಪದದ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನು ಸೇರಿಸಿದೆ. ಬಂದೂಕಿಲ್ಲದವನೂ ಬೇಟೆಗಾರನಾಗಬಲ್ಲನು.

ಹಾಗಾದರೆ ಹಕ್ಕಿಗಳನ್ನು ನೋಡುವುದೇ ದೋಷವೆ? ಅಲ್ಲವೆಂದು ನನ್ನ ಅಭಿಪ್ರಾಯ. ಮೊಟ್ಟೆಯೊಳಗಿರುವ ಅಂಡಜ ಜೀವವೂ ಪಂಚೇಂದ್ರಿಯವೆಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ. ಅದಕ್ಕಾಗಿ ಎರಡು ಹಕ್ಕಿಗಳು ಬಿಸಿಲಿನಲ್ಲಿ ಪಡುವ ಪಾಡನ್ನು ಕಂಡು ಅರಿಯುವುದು ಬೇರೆ. ಕಂಡಾಗ ಅನುಕಂಪ ಹುಟ್ಟುತ್ತದೆ. ಬೇಕಾದುದು ನೋಟಕ್ಕೆ ಒಂದು ಗಡಿ. ಆ ಗಡಿಯು ನಮ್ಮ ದೇಶವ್ರತದಲ್ಲಿಯೇ ಇದೆ.

ಇಷ್ಟು ಕಾಲ, ಇಷ್ಟು ಸ್ಥಳದಾಚೆಗೆ ಹೋಗೆನೆಂಬುದು ದೇಶವ್ರತ. ಅದಕ್ಕೆ ಐದು ಅತಿಚಾರಗಳು: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ವ್ರತಿಯು ತಾನು ಗಡಿ ದಾಟದಿದ್ದರೂ ಆಚೆಯದನ್ನು ತರಿಸಿಕೊಂಡರೆ, ಆಳನ್ನು ಕಳುಹಿಸಿದರೆ, ಕೂಗಿದರೆ, ತನ್ನನ್ನು ತೋರಿಸಿ ಸನ್ನೆ ಮಾಡಿದರೆ, ಕಲ್ಲೆಸೆದರೆ ವ್ರತಕ್ಕೆ ಮಲಿನತೆ ಬರುತ್ತದೆ. ಇಂದು ಚಿತ್ರಕ್ಕಾಗಿ ಹಾತೊರೆಯುವವರು ಮಾಡುವುದೆಲ್ಲವೂ ಈ ಪಟ್ಟಿಯಲ್ಲಿದೆ. ಮೇವು ಚೆಲ್ಲಿ ಹಕ್ಕಿಯನ್ನು ಬರಿಸಿಕೊಳ್ಳುವುದುಂಟು. ಪೊದೆಯಿಂದ ಎಬ್ಬಿಸಲು ಹುಡುಗನನ್ನು ಕಳುಹಿಸುವುದುಂಟು. ಮೊಬೈಲಿನಲ್ಲಿ ಅದರ ಜಾತಿಯ ಕೂಗನ್ನೇ ನುಡಿಸಿದರೆ, ಎದುರಾಳಿ ತನ್ನ ಸೀಮೆಗೆ ಬಂದನೆಂದು ಭ್ರಮಿಸಿ ಹಕ್ಕಿಯು ಮೇವನ್ನು ಬಿಟ್ಟು ಧಾವಿಸುತ್ತದೆ. ಹಾರುವ ಹಿಂಡಿನ ಚಿತ್ರಕ್ಕಾಗಿ ಮರಳಿನ ಮೇಲೆ ವಿಶ್ರಮಿಸುವ ಕಡಲಹಕ್ಕಿಗಳತ್ತ ಓಡುವವರೂ ಕಲ್ಲೆಸೆಯುವವರೂ ಇದ್ದಾರೆ. ಸಾವಿರಾರು ಮೈಲಿ ಹಿಂದಿರುಗಬೇಕಾದ ಆ ಜೀವಿಗಳು ಇಳಿತದ ಕೆಲವೇ ಗಂಟೆಗಳಲ್ಲಿ ಮೇಯ್ದು ಮೈಗೂಡಿಸಿಕೊಳ್ಳಬೇಕು. ಅವುಗಳನ್ನು ಎಬ್ಬಿಸುವುದೂ ಅನ್ನಪಾನನಿರೋಧವೇ.

ಅಂದಿನ ಪ್ರತಿಕ್ರಮಣದಲ್ಲಿ ನಾನು ಈ ದೋಷವನ್ನು ಹೇಳಿಕೊಂಡೆನು. ಪ್ರೋಷಧೋಪವಾಸದ ದಿನ ನೋಡದೆ, ಮಾರ್ಜನ ಮಾಡದೆ ವಸ್ತುವನ್ನು ನೆಲದ ಮೇಲಿಟ್ಟ ಅತಿಚಾರವೂ ಆ ಮುಕ್ಕಾಲಿಯೊಂದಿಗೆ ನನಗೆ ಅಂಟಿತ್ತು. ಅಂದಿನಿಂದ ಮೂರು ನಿಯಮಗಳನ್ನು ಹಿಡಿದಿದ್ದೇನೆ. ಅಷ್ಟಮೀ ಚತುರ್ದಶಿಗಳಲ್ಲಿ ಕ್ಯಾಮರಾ ಮುಟ್ಟುವುದಿಲ್ಲ. ಮಾರ್ಚಿಯಿಂದ ಮಳೆಗಾಲ ಮುಗಿಯುವವರೆಗೆ ಅಂಗಳದ ಬೇಲಿಯೇ ನನ್ನ ನೋಟದ ಗಡಿ. ಉಳಿದ ಕಾಲದಲ್ಲಿ ಹಕ್ಕಿ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ನನ್ನನ್ನು ನೋಡಿದರೆ, ನಾನು ಅಗತ್ಯಕ್ಕಿಂತ ಹತ್ತಿರವಾದೆನೆಂದು ತಿಳಿದು ಹಿಂದೆ ಸರಿಯುತ್ತೇನೆ. ಚಿತ್ರಗಳು ಕಡಮೆಯಾಗಿವೆ. ನೋಡುವುದು ಕಡಮೆಯಾಗಿಲ್ಲ.

ನಮ್ಮ ಮುನಿಮಹಾರಾಜರ ಕೈಯಲ್ಲಿರುವ ಪಿಂಛಿಯನ್ನು ಎಲ್ಲರೂ ಕಂಡಿದ್ದೇವೆ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಅದನ್ನು ಕಟ್ಟುತ್ತಾರೆ. ಕಿತ್ತ ಗರಿ ಅದಕ್ಕೆ ಸಲ್ಲದು. ಹಕ್ಕಿಯ ಚಿತ್ರವೂ ಹಾಗೆಯೇ ಇರಬೇಕು. ತಾನಾಗಿ ನಮ್ಮ ಕಣ್ಣಿಗೆ ಬಿದ್ದುದು ಉದುರಿದ ಗರಿ. ಕಾಡಿ ಪಡೆದುದು ಕಿತ್ತ ಗರಿ. ನಾವು ಸ್ವೇಚ್ಛೆಯಿಂದ ಕೈಗೊಂಡ ಉಪವಾಸವು ತಪಸ್ಸು. ನಮ್ಮಿಂದ ಇನ್ನೊಂದು ಜೀವಕ್ಕೆ ಒದಗಿದ ಉಪವಾಸವು ಅತಿಚಾರ. ಪರ್ವದಿನಗಳಲ್ಲಿ ಆಹಾರವನ್ನು ತ್ಯಜಿಸುವಾಗ, ಯಾವ ಜೀವಿಯ ಆಹಾರಕ್ಕೆ ಅಡ್ಡ ನಿಂತಿದ್ದೇನೆಂದು ಧರ್ಮಬಂಧುಗಳು ಒಮ್ಮೆ ಕೇಳಿಕೊಳ್ಳಲಿ ಎಂಬುದು ನನ್ನ ವಿನಂತಿ.